ಹೊಗೆ, ಮಂಜು, ಸುಣ್ಣ: ಬೆಟ್ಟದ ಕೋನಿಫರ್ ಕಾಡುಗಳ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಜೋರು ಮಳೆಯ ತಿಂಗಳುಗಳಲ್ಲಿ ಕೆಲಸ ಕಡಿಮೆ, ಓದು ಜಾಸ್ತಿ. ಹಾಗೆ ಓದುತ್ತಾ ಹತ್ತಿದ ಹುಚ್ಚು ಇದು. ಕೋನಿಫರ್ ಅಂದರೆ ಹೂ ಬಿಡದೆ, ಸಾಮಾನ್ಯವಾಗಿ ಶಂಕುವಿನಲ್ಲಿ ಬೀಜ ಕಟ್ಟುವ, ಹೆಚ್ಚಾಗಿ ಸೂಜಿ ಎಲೆಯ ಮರಗಳು. ದೂರದ ದೇಶಗಳ ಬೆಟ್ಟದ ಮೇಲಿನ ಇಂಥ ಪೈನ್, ಸ್ಪ್ರೂಸ್ ಕಾಡುಗಳು ಹೊಗೆಗೆ ಹೇಗೆ ಸೊರಗಿದವು, ಹೊಗೆಗೆ ಕಡಿವಾಣ ಬಿದ್ದ ಮೇಲೆ ಅವುಗಳ ಕಥೆ ಏನಾಯಿತು? ಶಾಲೆಗಳಲ್ಲಿ, ಬೆಳೆಗಾರರ ಸಭೆಗಳಲ್ಲಿ, ಒಂದೆರಡು ಸಲ ಮದುವೆ ಊಟದ ಪಂಕ್ತಿಯಲ್ಲೂ ಇದನ್ನೇ ಮಾತಾಡಿದ್ದೇನೆ. ಜನ ಕೇಳುವುದು ಹೆಚ್ಚೂಕಡಿಮೆ ಅವೇ ಪ್ರಶ್ನೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ನಮ್ಮಲ್ಲಿ ಪೈನ್ ಕಾಡೇ ಇಲ್ವಲ್ಲ, ಇದನ್ನೆಲ್ಲ ತಿಳ್ಕೊಂಡು ಏನ್ ಮಾಡೋದು?

ನಿಜ, ಕೊಡಗಿನದು ಕೋನಿಫರ್ ಕಾಡಲ್ಲ. ದಕ್ಷಿಣ ಭಾರತದ ಸ್ವಂತ ಕೋನಿಫರ್ ಅಂತ ಇರುವುದು ಒಂದೇ, ನೇಗಿಯಾ. ಅದೂ ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಕಾಡುಗಳಲ್ಲಿ, ಅಗಲ ಎಲೆ ಬಿಟ್ಟುಕೊಂಡು, ಪೈನ್‌ನ ನೆಂಟ ಅಂತ ಗುರುತೇ ಸಿಗದ ಹಾಗೆ ನಿಂತಿರುತ್ತದೆ. ಊಟಿ, ಕೊಡೈಕೆನಾಲ್ ಕಡೆ ನೀವು ಫೋಟೋ ತೆಗೆಸಿಕೊಳ್ಳುವ ಪೈನ್ ತೋಪುಗಳು ಜನ ನೆಟ್ಟಿದ್ದು.

ಆದರೆ ಈ ಕಥೆ ನಡೆಯುವುದು ಮಂಜು, ವಿಪರೀತ ಮಳೆ, ಹುಳಿ ಮಣ್ಣು, ಸುಣ್ಣ ಇವುಗಳ ನಡುವೆ. ನಾಲ್ಕೂ ನಮ್ಮ ಮನೆಯ ವಿಷಯವೇ. ಅಮೆರಿಕದ ಬೆಟ್ಟದಲ್ಲಿ ಏನಾಯಿತು ಅಂತ ಹೇಳಿದರೆ ಪೇಟೆಯವರಿಗಿಂತ ಇಲ್ಲಿನ ಬೆಳೆಗಾರರಿಗೆ ಬೇಗ ಅರ್ಥ ಆಗುತ್ತದೆ. ಇದು ನಾನು ಕಂಡ ಮಾತು.

ಗೇಟ್ ಹತ್ರ ಇರೋ ಸರ್ವೆ ಮರ ಕೋನಿಫರ್ ಅಲ್ವಾ? ಸೂಜಿ ತರ ಎಲೆ ಇದೆಯಲ್ಲ.

ಅಲ್ಲ. ಸರ್ವೆಯ ಒಂದು ‘ಸೂಜಿ’ಯನ್ನು ಕಿತ್ತು ಎರಡೂ ಕಡೆ ಎಳೆಯಿರಿ. ಗಿಣ್ಣಿನ ಹತ್ತಿರ ಟಕ್ಕಂತ ಬಿಡುತ್ತದೆ. ಮತ್ತೆ ಸಿಕ್ಕಿಸಿಟ್ಟು ‘ಎಲ್ಲಿ ಮುರಿದಿದ್ದೀನಿ ಹೇಳು’ ಅಂತ ಮಕ್ಕಳು ಆಡುವ ಆಟ ಇದೆಯಲ್ಲ, ಅದೇ. ಅದು ಎಲೆಯಲ್ಲ, ಸಣ್ಣ ರೆಂಬೆ. ನಿಜವಾದ ಎಲೆ ಅಂದರೆ ಆ ಗಿಣ್ಣಿನ ಸುತ್ತ ಇರುವ ಪುಟ್ಟ ಹಲ್ಲುಗಳು. ಸರ್ವೆ ಹೂ ಬಿಡುವ ಮರ. ಸಿಲ್ವರ್ ಓಕ್ ಕೂಡ ಹಾಗೇ, ಅದು ಓಕೂ ಅಲ್ಲ, ಕೋನಿಫರೂ ಅಲ್ಲ. ಹಳೆ ಬಂಗಲೆಗಳ ಮುಂದೆ ಕ್ರಿಸ್‌ಮಸ್ ಮರ ಅಂತ ಬೆಳೆಸಿರುವ ಅರಾಕೇರಿಯಾ ಮಾತ್ರ ಕೋನಿಫರ್.

ಹೊಗೆ ಇರೋದು ಪೇಟೆಯಲ್ಲಿ. ಬೆಟ್ಟದ ತುದಿಯ ಕಾಡಿಗೆ ಏನಾಗತ್ತೆ?

ಕಕ್ಕಡ ತಿಂಗಳಲ್ಲಿ ಮಳೆ ಒಂದು ಗಳಿಗೆ ಬಿಟ್ಟಿರುತ್ತದೆ, ಮಂಜು ಮಾತ್ರ ಕವಿದಿರುತ್ತದೆ. ಆಗ ಅಂಗಳದಲ್ಲಿ ನಿಂತರೆ ತಲೆ ಒದ್ದೆಯಾಗಲ್ಲ. ಸಿಲ್ವರ್ ಓಕ್ ಕೆಳಗೆ ಹೋಗಿ ನಿಂತು ನೋಡಿ, ಟಪ ಟಪ ಹನಿ. ಮರ ಮಂಜನ್ನು ಬಾಚಿಕೊಂಡು ಕೆಳಗೆ ಸುರಿಸುತ್ತಿರುತ್ತದೆ. ಸೂಜಿ ಎಲೆಯ ಮರಗಳು ಇದರಲ್ಲಿ ಇನ್ನೂ ನಿಸ್ಸೀಮ, ಸಾವಿರಾರು ಹಲ್ಲಿನ ಬಾಚಣಿಗೆ ಇದ್ದ ಹಾಗೆ.

ಕಲ್ಲಿದ್ದಲು ಸುಟ್ಟಾಗ ಬರುವ ಸಲ್ಫರ್ ಡೈಆಕ್ಸೈಡ್, ವಾಹನ ಮತ್ತು ಕುಲುಮೆಗಳ ನೈಟ್ರೋಜನ್ ಆಕ್ಸೈಡ್ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗುತ್ತವೆ. ಹೋಗುತ್ತಾ ಆಮ್ಲವಾಗಿ ಮೋಡದ ಹನಿಗೆ ಸೇರುತ್ತವೆ. ಮಳೆಹನಿ ದೊಡ್ಡದು, ಅದರಲ್ಲಿ ಆಮ್ಲ ತೆಳುವಾಗುತ್ತದೆ. ಮೋಡದ ಹನಿ ಸಣ್ಣದು, ಹಾಗಾಗಿ ಮಳೆಗಿಂತ ಮಂಜೇ ಜಾಸ್ತಿ ಹುಳಿ. ವರ್ಷದಲ್ಲಿ ಎಷ್ಟೋ ದಿನ ಮೋಡದೊಳಗೇ ನಿಂತಿರುವ ಕಾಡಿಗೆ ಪೇಟೆಯ ಉದ್ಯಾನಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇದರಿಂದಲೇ.

ಬೇರೆ ಮರಕ್ಕಿಂತ ಇವಕ್ಕೇ ಯಾಕೆ ಜಾಸ್ತಿ ತೊಂದರೆ?

ಎಲೆ ಉದುರಿಸುವ ಮರ ವರ್ಷಕ್ಕೊಮ್ಮೆ ಹಳೆಯ ಬಟ್ಟೆ ಬಿಚ್ಚಿ ಹೊಸದು ಹಾಕುತ್ತದೆ. ಸ್ಪ್ರೂಸ್‌ನ ಒಂದು ಸೂಜಿ ಐದಾರು ವರ್ಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಮರದಲ್ಲೇ ಇರುತ್ತದೆ. ಅಷ್ಟೂ ವರ್ಷದ ಗಾಳಿ ಅದೇ ಎಲೆಗೆ. ಚಳಿಗಾಲದ ಹೊಗೆಯೂ ಬಿಡಲ್ಲ.

ಆಮ್ಲ ಮಳೆ ಅಂದ್ರೆ ಎಲೆ ಮೇಲೆ ಬಿದ್ದು ಸುಟ್ಟು ಹಾಕತ್ತಾ?

ಸಿನಿಮಾದಲ್ಲಿ ತೋರಿಸುವ ಹಾಗೆ ಹೊಗೆಯಾಡುತ್ತಾ ಕರಗಿಸಲ್ಲ. ಹುಳಿ ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಶುದ್ಧ ಮಳೆಯ ಪಿಎಚ್ ಸುಮಾರು 5.6. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಪರಿಸರ ವಿಜ್ಞಾನಿ ಜೀನ್ ಲೈಕನ್ಸ್ ಮತ್ತು ಜೊತೆಗಾರರು 1963ರಲ್ಲಿ ಹಿಡಿದ ಮೊದಲ ಮಾದರಿ 3.7 ಇತ್ತು. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು. ಆದರೂ ಆ ನೀರನ್ನು ಕೈಗೆ ಹಾಕಿಕೊಂಡರೆ ಏನೂ ಅನಿಸಲ್ಲ. ನಿಂಬೆರಸ ಅದಕ್ಕಿಂತ ಎಷ್ಟೋ ಹುಳಿ.

ಕೆಲಸ ಕೆಡುವುದು ಮೆಲ್ಲಗೆ. ಅಮೆರಿಕದ ಈಶಾನ್ಯ ಬೆಟ್ಟಗಳ ರೆಡ್ ಸ್ಪ್ರೂಸ್ ಮರದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಹುಳಿ ಮಂಜು ಸೂಜಿಯೊಳಗಿನ ಜೀವಕೋಶದ ಪೊರೆಗೆ ಅಂಟಿಕೊಂಡ ಕ್ಯಾಲ್ಸಿಯಂ ಅನ್ನು ತೊಳೆದುಬಿಡುತ್ತದೆ. ಆ ಕ್ಯಾಲ್ಸಿಯಂ ಇಲ್ಲದಿದ್ದರೆ ಚಳಿ ಬರುತ್ತಿದೆ ಅನ್ನುವ ಸುದ್ದಿಯೇ ಕೋಶಕ್ಕೆ ಸರಿಯಾಗಿ ಮುಟ್ಟಲ್ಲ. ಚಳಿ ತಡೆಯುವ ಶಕ್ತಿ 3ರಿಂದ 10 ಡಿಗ್ರಿಯಷ್ಟು ಕುಸಿಯುತ್ತದೆ. ಮೊದಲೇ ಆ ಮರದ ಹೊಸ ಎಲೆ ಆ ಊರಿನ ಚಳಿಯನ್ನು ಕೂದಲೆಳೆಯಲ್ಲಿ ತಡೆಯುವಂಥದ್ದು. ಒಂದು ಕೆಟ್ಟ ಚಳಿಗಾಲ ಬಂದರೆ ವಸಂತದಲ್ಲಿ ಇಡೀ ಇಳಿಜಾರು ಕೆಂಪು ಕಂದು. 2003ರಲ್ಲಿ ಹಾಗೇ ಆಯಿತು. ನೋಡಿದವರು ‘ಚಳಿಗೆ ಸತ್ತವು’ ಅಂದರು. ಕಣ್ಣಿಗೆ ಕಂಡದ್ದು ಚಳಿಯೇ, ಕಂಬಳಿ ಕಿತ್ತುಕೊಂಡವನು ಬೇರೆ.

## ಸ್ವಲ್ಪ ಒಳಗೆ ಹೋದರೆ

ಕಾನೂನು ತಂದಿದ್ದಕ್ಕೆ ನಿಜವಾಗ್ಲೂ ಕಾಡು ಸುಧಾರಿಸ್ತಾ? ಅಥವಾ ಕಾಗದದ ಮೇಲೆ ಮಾತ್ರಾನಾ?

ಸುಧಾರಿಸಿತು. ಈ ಪ್ರಶ್ನೆಗೆ ಇಷ್ಟು ಖಡಾಖಂಡಿತ ಉತ್ತರ ಕೊಡಬಹುದು ಅನ್ನುವುದೇ ನನಗೆ ಖುಷಿ, ಪರಿಸರದ ವಿಷಯದಲ್ಲಿ ಇಂಥ ಅವಕಾಶ ಅಪರೂಪ.

ವರ್ಮಾಂಟ್ ರಾಜ್ಯದ ಕ್ಯಾಮಲ್ಸ್ ಹಂಪ್ ಬೆಟ್ಟದಲ್ಲಿ 1960ರ ದಶಕದ ಮಧ್ಯದಿಂದ 1980ರ ದಶಕದ ಆರಂಭದೊಳಗೆ ದೊಡ್ಡ ರೆಡ್ ಸ್ಪ್ರೂಸ್ ಮರಗಳಲ್ಲಿ ಅರ್ಧದಷ್ಟು ಸತ್ತವು. ಹ್ಯೂಬರ್ಟ್ ವೋಗಲ್‌ಮನ್ ಅನ್ನುವ ಸಸ್ಯವಿಜ್ಞಾನಿ ಅಲ್ಲಿ ಮೊದಲೇ ಮರ ಎಣಿಸಿಟ್ಟಿದ್ದರು, ಹಾಗಾಗಿ ಲೆಕ್ಕ ಸಿಕ್ಕಿತು. ಅಮೆರಿಕದಲ್ಲಿ ಶುದ್ಧ ಗಾಳಿಯ ಕಾಯ್ದೆ 1970ರಲ್ಲಿ ಬಂತು, 1990ರ ತಿದ್ದುಪಡಿ ನೇರವಾಗಿ ಆಮ್ಲ ಮಳೆಗೇ ಕೈಹಾಕಿತು. ಮುಂದಿನ ಮೂವತ್ತು ವರ್ಷದಲ್ಲಿ ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡ್ 90%ಗಿಂತ ಜಾಸ್ತಿ ಇಳಿಯಿತು. ವೆಸ್ಟ್ ವರ್ಜೀನಿಯಾ ರಾಜ್ಯದ ಬೆಟ್ಟಗಳಲ್ಲಿ ರೆಡ್ ಸ್ಪ್ರೂಸ್‌ನ ಬೆಳವಣಿಗೆ 1989ರ ಹೊತ್ತಿಗೆ ಮೇಲ್ಮುಖವಾಯಿತು. ವರ್ಮಾಂಟ್ ಸುತ್ತಮುತ್ತ 2001ರ ನಂತರ ಮರದೊಳಗಿನ ವರ್ಷದ ಉಂಗುರಗಳು ದಪ್ಪ ಆಗತೊಡಗಿದವು. ಸಾಯುವ ಜಾತಿ ಅಂತ ಬರೆದಿಟ್ಟಿದ್ದವರಿಗೇ ಆಶ್ಚರ್ಯ.

ಯುರೋಪಿನಲ್ಲಿ ಝೆಕ್, ಪೋಲೆಂಡ್, ಪೂರ್ವ ಜರ್ಮನಿ ಸೇರುವ ಮೂಲೆಯನ್ನು ಕಪ್ಪು ತ್ರಿಕೋನ ಅಂತಲೇ ಕರೆಯುತ್ತಿದ್ದರು. ಕೀಳು ದರ್ಜೆಯ ಕಂದು ಕಲ್ಲಿದ್ದಲು ಸುಟ್ಟು, ಅಲ್ಲಿನ ಬೆಟ್ಟಗಳ ಸ್ಪ್ರೂಸ್ ಕಾಡು ಗುಡ್ಡಗಟ್ಟಲೆ ಒಣಗಿ, ಕಡಿದು ಬೋಳಾಯಿತು. 1990ರ ದಶಕದಲ್ಲಿ ಸ್ಥಾವರಗಳಿಗೆ ಗಂಧಕ (ಸಲ್ಫರ್) ಹಿಡಿಯುವ ಯಂತ್ರ ಬಂತು, ಕೆಲವು ಮುಚ್ಚಿದವು. ಉಳಿದ ಮರಗಳ ಬೆಳವಣಿಗೆ ಕೆಲವೇ ವರ್ಷದಲ್ಲಿ ಚಿಗುರಿತು. ನಡುವೆ 1996ರ ಚಳಿಗಾಲ ಮತ್ತೊಮ್ಮೆ ಕೆಡವಿತು, ಆದರೂ ಎದ್ದವು.

ಗಾಳಿ ಸರಿಹೋದ್ಮೇಲೂ ಕೆಲವು ಕಾಡು ಇನ್ನೂ ಸೊರಗೇ ಇವೆಯಂತಲ್ಲ, ಯಾಕೆ?

ಇದು ನನ್ನ ಪ್ರಕಾರ ಇಡೀ ವಿಷಯದ ತಿರುಳು. ಮರದ ಉಸಿರಿಗೂ ಬೇರಿಗೂ ಬೇರೆ ಬೇರೆ ಗಡಿಯಾರ. ಹೊಗೆ ನಿಂತರೆ ಎಲೆಗೆ ಆರಾಮ ಸಿಗಲು ಒಂದೆರಡು ವರ್ಷ ಸಾಕು. ಮಣ್ಣಿನದು ಬೇರೆ ಲೆಕ್ಕ.

ಮಣ್ಣಿನ ಕಣಗಳಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಟಿಕೊಂಡಿರುತ್ತವೆ. ಬೇರು ಬೇಕಾದಾಗ ತೆಗೆದುಕೊಳ್ಳುತ್ತದೆ. ಆಮ್ಲ ಬಿದ್ದಾಗ ಅದರ ಹೈಡ್ರೋಜನ್ ಇವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಜಾಗ ಕಳೆದುಕೊಂಡ ಕ್ಯಾಲ್ಸಿಯಂ, ಆಮ್ಲದ ಇನ್ನೊಂದು ಭಾಗವಾದ ಸಲ್ಫೇಟ್ ಜೊತೆ ತೊರೆ ಸೇರುತ್ತದೆ. ಮಣ್ಣು ಇನ್ನೂ ಹುಳಿಯಾದರೆ ಅದರಲ್ಲೇ ಗಟ್ಟಿಯಾಗಿ ಕೂತಿದ್ದ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ.

ಹಳೆ ಐನ್‌ಮನೆಗಳಲ್ಲಿ ಭತ್ತದ ಪತ್ತಾಯ ಇರುತ್ತಿತ್ತಲ್ಲ, ಹಾಗೆ ಅಂದುಕೊಳ್ಳಿ. ಐವತ್ತು ವರ್ಷ ಯಾರೋ ದಿನಾ ಒಂದೊಂದು ಸೇರು ಕದ್ದಿದ್ದಾರೆ. ಕಳ್ಳ ಸಿಕ್ಕಿಬಿದ್ದ ದಿನವೇ ಪತ್ತಾಯ ತುಂಬಲ್ಲ. ತುಂಬಬೇಕಾದದ್ದು ಕಲ್ಲು ಕರಗಿ ಬರುವ ಕ್ಯಾಲ್ಸಿಯಂ, ಗ್ರಾನೈಟ್ ಬೆಟ್ಟದಲ್ಲಿ ಅದು ಬಹಳ ನಿಧಾನ. ಜೊತೆಗೆ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್ ಜಾಸ್ತಿ ಇರುವ ಹಳೆಯ ಕೆಂಪು ಮಣ್ಣುಗಳು ಸಲ್ಫೇಟನ್ನು ಹಿಡಿದಿಟ್ಟುಕೊಂಡು, ಮಳೆ ಸ್ವಚ್ಛವಾದ ಮೇಲೆ ಮೆಲ್ಲಮೆಲ್ಲಗೆ ಬಿಡುತ್ತವೆ. ಅಮೆರಿಕದ ಈಶಾನ್ಯದಲ್ಲಿ ಮೇಲಿನ ಎಲೆಕೊಳೆ ಪದರದಲ್ಲಿ ಅಲ್ಯೂಮಿನಿಯಂ ಇಳಿಯುತ್ತಿರುವುದು ಕಂಡಿದೆ. ಕೆಳಗಿನ ಪದರಗಳು ಇನ್ನೂ ಹಿಂದೆ.

ಹಾಗಾದ್ರೆ ನಾವು ತೋಟಕ್ಕೆ ಹಾಕೋ ಹಾಗೆ ಕಾಡಿಗೂ ಸುಣ್ಣ ಹಾಕಿದ್ರೆ ಆಯ್ತಲ್ಲ?

ಹಾಕಿ ನೋಡಿದ್ದಾರೆ, ಅದೂ ಹೆಲಿಕಾಪ್ಟರ್‌ನಲ್ಲಿ. ಜರ್ಮನಿಯಲ್ಲಿ ದೊಡ್ಡ ದೊಡ್ಡ ಕಾಡುಗಳಿಗೆ ಡೋಲೋಮೈಟ್, ಅಂದರೆ ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ ಸುರಿದರು. ಅಲ್ಲಿ ಎಷ್ಟೋ ಕಡೆ ಸ್ಪ್ರೂಸ್ ಹಳದಿಯಾಗಿದ್ದು ಮೆಗ್ನೀಸಿಯಂ ಕೊರತೆಯಿಂದ, ಅಂಥ ಕಡೆ ಹಸಿರು ಮರಳಿತು. ಹಬಾರ್ಡ್ ಬ್ರೂಕ್‌ನಲ್ಲಿ 1999ರಲ್ಲಿ ಒಂದು ಇಡೀ ಜಲಾನಯನಕ್ಕೆ ವೊಲಾಸ್ಟೊನೈಟ್ ಅನ್ನುವ ಕ್ಯಾಲ್ಸಿಯಂ ಖನಿಜ ಹಾಕಿದರು. ಸುತ್ತಲಿನ ಸ್ಪ್ರೂಸ್ ಎಲ್ಲ 2003ರ ಚಳಿಗೆ ಕೆಂಪಾದಾಗ ಆ ಜಲಾನಯನದ ಮರಗಳಿಗೆ ಆದ ಹಾನಿ ಬಹಳ ಕಡಿಮೆ. ಚಳಿಗೂ ಕ್ಯಾಲ್ಸಿಯಂಗೂ ಇರುವ ನಂಟಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಆದರೆ ಕೆಲವು ವರ್ಷ ಕಳೆದ ಮೇಲೆ ಅದೇ ಜಲಾನಯನದ ತೊರೆಯಲ್ಲಿ ನೈಟ್ರೇಟ್ ಏರಿತು. ಹುಳಿ ಇಳಿದಾಗ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹುರುಪು ಬಂದು, ಕಾಡು ಕೂಡಿಟ್ಟ ನೈಟ್ರೋಜನ್ ಹರಿದುಹೋಗತೊಡಗಿತು.

ಸುಣ್ಣದ ಜೊತೆ ಅವಸರ ಮಾಡಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಒಂದು ವರ್ಷ ಆಳು ಸಿಕ್ಕಿದ್ದಾರೆ ಅಂತ ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಂದೇ ದಿನ ಹಾಕಿಸಿಬಿಟ್ಟೆ. ಸಂಜೆ ತೋಟಕ್ಕೆ ಇಳಿದರೆ ಮೂಗಿಗೆ ಹೊಡೆಯುವ ಘಾಟು. ಕೊಟ್ಟ ದುಡ್ಡೆಲ್ಲ ಅಮೋನಿಯಾ ಆಗಿ ಗಾಳಿಗೆ ಹೋಗುತ್ತಿತ್ತು. ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಏನೂ ಅನ್ನಲಿಲ್ಲ, ಮೂಗಿಗೆ ಟವೆಲ್ ಒತ್ತಿಕೊಂಡು ನನ್ನ ಮುಖ ನೋಡಿದರು.

ನಮ್ಮ ತೋಟದ ಮಣ್ಣು ಹುಳಿ ಬಂದಿದೆ. ಇದೂ ಆಮ್ಲ ಮಳೆಯಿಂದಾನಾ?

ಹಾಗೆ ಹೇಳಲು ಆಧಾರ ಇಲ್ಲ. ವರ್ಷಕ್ಕೆ ನೂರು ಇಂಚು ಮಳೆ ಬೀಳುವ ಕಡೆ ಶುದ್ಧ ನೀರೇ ಕ್ಯಾಲ್ಸಿಯಂ ತೊಳೆಯುತ್ತದೆ. ಅದರ ಮೇಲೆ ನಾವು ಹಾಕುವ ಯೂರಿಯಾ, ಅಮೋನಿಯಂ ಗೊಬ್ಬರ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ, ಹೊಗೆಯ ಮೇಲೆ ಗೂಬೆ ಕೂರಿಸುವುದು ಬೇಡ.

ಚಿಮಣಿ ಎತ್ತರ ಮಾಡಿದ್ರೆ ಸಾಕಾಗಲ್ವಾ?

ನಮ್ಮ ಅಂಗಳದ ಕಸ ಪಕ್ಕದ ಮನೆಗೆ ಎಸೆದ ಹಾಗೆ. ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್ ಕುಲುಮೆಗೆ 1972ರಲ್ಲಿ 381 ಮೀಟರ್ ಚಿಮಣಿ ಕಟ್ಟಿದರು. ಊರಿನ ಗಾಳಿ ಸುಧಾರಿಸಿತು, ಗಂಧಕ ದೂರದ ಕೆರೆ ಕಾಡುಗಳಿಗೆ ಹೋಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಹೊಗೆಯಲ್ಲಿನ ಗಂಧಕವನ್ನೇ ಹಿಡಿದದ್ದು.

ಜರ್ಮನಿ ಕಾಡೆಲ್ಲ ಸಾಯತ್ತೆ ಅಂತ ಆಗ ದೊಡ್ಡ ಗಲಾಟೆ ಮಾಡಿದ್ರು. ಸಾಯ್ಲೇ ಇಲ್ಲ. ಸುಮ್ನೆ ಹೆದರಿಸಿದ್ರಾ?

1980ರ ದಶಕದಲ್ಲಿ ಅಲ್ಲಿ ‘ವಾಲ್ಡ್‌ಸ್ಟೆರ್ಬೆನ್’, ಅಂದರೆ ಕಾಡಿನ ಸಾವು ಅನ್ನುವ ಪದ ಮನೆಮಾತಾಗಿತ್ತು. ಗಾಟಿಂಗನ್‌ನ ಮಣ್ಣು ವಿಜ್ಞಾನಿ ಬೆರ್ನ್‌ಹಾರ್ಡ್ ಉಲ್ರಿಚ್ ಎಚ್ಚರಿಕೆ ಕೊಟ್ಟರು, ಪತ್ರಿಕೆಗಳು ಅದನ್ನು ಮುಖಪುಟಕ್ಕೆ ಏರಿಸಿದವು. ದೇಶದ ಕಾಡೆಲ್ಲ ಕೆಲವೇ ವರ್ಷದಲ್ಲಿ ಹೋಗುತ್ತದೆ ಅನ್ನುವ ಭವಿಷ್ಯ ಅತಿಯಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕು.

ಆದರೆ ಆ ಗಲಾಟೆಯ ನಡುವೆಯೇ 1983ರಲ್ಲಿ ಪಶ್ಚಿಮ ಜರ್ಮನಿ ದೊಡ್ಡ ಸ್ಥಾವರಗಳ ಹೊಗೆಗೆ ಕಟ್ಟುನಿಟ್ಟಿನ ನಿಯಮ ತಂದಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಯುರೋಪಿನ ಹಲವು ದೇಶಗಳು ಗಂಧಕವನ್ನು 30% ಇಳಿಸಲು ಸಹಿ ಹಾಕಿದವು. ಪ್ರವಾಹ ಬರುತ್ತದೆ ಅಂತ ಒಡ್ಡು ಕಟ್ಟಿ, ಆಮೇಲೆ ಮನೆಗೆ ನೀರೇ ಬರಲಿಲ್ಲವಲ್ಲ ಅಂತ ಒಡ್ಡು ಕಟ್ಟಿದವನನ್ನು ಬೈದರೆ ಹೇಗೆ? ನಿಯಮ ತಡವಾಗಿ ಬಂದ ಕಪ್ಪು ತ್ರಿಕೋನದಲ್ಲಿ ಕಾಡು ನಿಜವಾಗಿಯೂ ಸತ್ತಿತು.

## ಇನ್ನೂ ಆಳಕ್ಕೆ

ಮರ ಚೇತರಿಸಿದ್ದು ಗಾಳಿ ಸ್ವಚ್ಛ ಆಗಿದ್ದಕ್ಕೋ, ಭೂಮಿ ಬಿಸಿ ಆಗಿದ್ದಕ್ಕೋ? ಹೆಂಗೆ ಹೇಳ್ತೀರಾ?

ಪೊನ್ನಂಪೇಟೆಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ, ಇದುವರೆಗೆ ಬಂದದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು.

ಮೊದಲು ಉಂಗುರ. ಚಳಿ ದೇಶದ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ಪೆನ್ಸಿಲ್ ದಪ್ಪದ ಟೊಳ್ಳು ಕೊರೆಗೋಲಿನಿಂದ ಮರ ಕಡಿಯದೇ ಒಂದು ಕಡ್ಡಿ ತೆಗೆದು ಅಳೆಯುತ್ತಾರೆ. ನಮ್ಮ ತೇಗದಲ್ಲೂ ಉಂಗುರ ಸ್ಪಷ್ಟವಾಗಿರುತ್ತದೆ, ನಿತ್ಯಹಸಿರು ಮರಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಆಮೇಲೆ ಉಂಗುರದೊಳಗಿನ ಇಂಗಾಲ. ಇಂಗಾಲದಲ್ಲಿ ಹಗುರದ್ದು, ಸ್ವಲ್ಪ ಭಾರದ್ದು ಅಂತ ಎರಡಿದೆ, ಎಲೆಗೆ ಹಗುರದ್ದೇ ಇಷ್ಟ. ಶುಕ್ರವಾರದ ಸಂತೆಯಲ್ಲಿ ಮೀನು ರಾಶಿ ಬಿದ್ದಿದ್ದರೆ ಆರಿಸಿ ತೆಗೆದುಕೊಳ್ಳುತ್ತೇವೆ, ಎರಡೇ ಉಳಿದಿದ್ದರೆ ಸಿಕ್ಕಿದ್ದು ತರುತ್ತೇವೆ. ಎಲೆಯ ರಂಧ್ರ ಚೆನ್ನಾಗಿ ತೆರೆದಿದ್ದರೆ ಎಲೆ ಆರಿಸುತ್ತದೆ. ಸಲ್ಫರ್ ಡೈಆಕ್ಸೈಡ್‌ಗೆ ರಂಧ್ರ ಮುದುಡಿದರೆ ಭಾರದ್ದನ್ನೂ ನುಂಗುತ್ತದೆ. ವೆಸ್ಟ್ ವರ್ಜೀನಿಯಾದ ಹಳೆಯ ಜೂನಿಪರ್ (ಅದೂ ಕೋನಿಫರೇ) ಮರಗಳಲ್ಲಿ ಇದನ್ನು ನೋಡಿ 2013ರಲ್ಲಿ ಪ್ರಕಟಿಸಿದರು. ಕೆಲವು ಮರಗಳಿಗೆ ನೂರಾರು ವರ್ಷ. 1970ರ ಕಾಯ್ದೆ ಬಂದು ಹತ್ತು ವರ್ಷ ಆಗುವಷ್ಟರಲ್ಲಿ ಅವುಗಳ ಉಸಿರು ಸುಧಾರಿಸಿದ ಗುರುತು ಉಂಗುರದಲ್ಲಿ ಇತ್ತು.

ರೆಡ್ ಸ್ಪ್ರೂಸ್ ವಿಷಯಕ್ಕೆ ಬಂದರೆ, ಎರಡೂ ಸೇರಿವೆ. ಆಮ್ಲ ಇಳಿದದ್ದು ಒಂದು, ಬೆಟ್ಟದ ಚಳಿ ಮೆದುವಾಗಿ ಬೆಳೆಯುವ ದಿನ ಜಾಸ್ತಿಯಾದದ್ದು ಇನ್ನೊಂದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಏರಿದ್ದೂ ಸ್ವಲ್ಪ. ಆದರೆ ಹೊಗೆ ತಗ್ಗದೇ ಬರೀ ಬಿಸಿಯಿಂದ ಇದು ಆಗುತ್ತಿರಲಿಲ್ಲ ಅನ್ನುವುದು ಲೆಕ್ಕ ಮಾಡಿದವರ ಮಾತು. ಬಿಸಿ ಹೀಗೇ ಏರಿದರೆ ಮುಂದೆ ಅದೇ ಶತ್ರು ಆಗಬಹುದು.

ಗಂಧಕ ಇಳೀತು ಸರಿ. ಓಝೋನ್ ಕಥೆ ಏನು?

ಆಕಾಶದಲ್ಲಿ ಮೇಲಿರುವ ಓಝೋನ್ ನಮ್ಮನ್ನು ಕಾಯುತ್ತದೆ, ನೆಲದ ಹತ್ತಿರದ್ದು ಎಲೆಯನ್ನು ಸವೆಸುತ್ತದೆ. ವಾಹನದ ಹೊಗೆ ಬಿಸಿಲಲ್ಲಿ ಬೆಂದು ಇದು ಹುಟ್ಟುತ್ತದೆ. ಲಾಸ್ ಏಂಜಲೀಸ್‌ನ ಹೊಗೆ ಸ್ಯಾನ್ ಬರ್ನಾರ್ಡಿನೋ ಬೆಟ್ಟಕ್ಕೆ ಏರಿ, 1950ರ ದಶಕದಲ್ಲೇ ಪಾಂಡೆರೋಸಾ ಮತ್ತು ಜೆಫ್ರಿ ಪೈನ್‌ಗಳ ಸೂಜಿಯಲ್ಲಿ ಹಳದಿ ಮಚ್ಚೆ ಬಂತು. ವರ್ಷಗಟ್ಟಲೆ ಇರಬೇಕಾದ ಸೂಜಿ ಬೇಗ ಉದುರಿ, ಮರ ಬೋಳು ಬೋಳು. ಕಾರಣ ಓಝೋನ್ ಅಂತ 1960ರ ದಶಕದ ಆರಂಭದಲ್ಲಿ ಗೊತ್ತಾಯಿತು.

ಸೊರಗಿದ ಮರಕ್ಕೆ ತೊಗಟೆ ದುಂಬಿ ಬೀಳುತ್ತದೆ. ನೆರಳು ಕಡಿಮೆಯಾಗಿ ಬಿಸಿಲಿಗೆ ಬಿದ್ದ ಅರೇಬಿಕಾ ಗಿಡವನ್ನೇ ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುವುದಿಲ್ಲವೇ, ಹಾಗೆ. 1975ರಿಂದ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಬಂದು, ನಿಯಮ ಬಿಗಿಯಾಗುತ್ತಾ ಹೋಗಿ, ಓಝೋನ್‌ನ ಗರಿಷ್ಠ ಮಟ್ಟ ಬಹಳ ಇಳಿದಿದೆ. ಆದರೂ ಗಂಧಕದಷ್ಟು ಸುಲಭಕ್ಕೆ ಇದು ಬಗ್ಗಲ್ಲ. ಒಂದೇ ಚಿಮಣಿ ಹಿಡಿದು ಕಟ್ಟುವ ಹಾಗಿಲ್ಲ, ಲಕ್ಷಾಂತರ ಬಾಲ ಇದಕ್ಕೆ.

ಬೆಟ್ಟದ ಮೇಲೆ ಮರ ಒಣಗಿದ್ರೆ ಎಲ್ಲ ಹೊಗೆ ತಲೆಗೇ ಕಟ್ಟಬಹುದಾ?

ಬೇಡ. ಉತ್ತರ ಕ್ಯಾರೊಲಿನಾದ ಮೌಂಟ್ ಮಿಚೆಲ್‌ನಲ್ಲಿ ಬೆಳ್ಳಗೆ ನಿಂತ ಸತ್ತ ಫ್ರೇಸರ್ ಫರ್ ಮರಗಳ ಚಿತ್ರ ಆಮ್ಲ ಮಳೆಯ ಸುದ್ದಿಗಳಲ್ಲಿ ತುಂಬಾ ಓಡಾಡಿತು. ಅಲ್ಲಿ ಮುಖ್ಯ ಕೊಲೆಗಾರ ಯುರೋಪಿನಿಂದ ಬಂದ, ಉಣ್ಣೆಯ ಚುಕ್ಕಿ ಹಾಗೆ ಕಾಣುವ ಒಂದು ಪುಟ್ಟ ಕೀಟ. 1957ರಲ್ಲೇ ಆ ಬೆಟ್ಟದಲ್ಲಿ ಕಂಡಿತ್ತು. ಮಧ್ಯ ಯುರೋಪಿನಲ್ಲಿ 2018ರ ಬರದ ನಂತರ ಸ್ಪ್ರೂಸ್ ಕಾಡುಗಳು ಸಾಲು ಸಾಲಾಗಿ ಸತ್ತದ್ದು ಬಿಸಿ, ಬರ, ತೊಗಟೆ ದುಂಬಿಯಿಂದ. ಗಂಧಕ ಆಗ ಎಷ್ಟೋ ಕಡಿಮೆಯಾಗಿತ್ತು.

ನಮ್ಮ ದೇಶದಲ್ಲಿ ಇಂಥ ನಿಯಮ ಇಲ್ವಾ?

ಇದೆ, ಎಡಬಿಡಂಗಿಯಾಗಿ. ಪೆಟ್ರೋಲ್ ಡೀಸೆಲ್ ವಿಷಯದಲ್ಲಿ ಒಳ್ಳೆ ಹೆಜ್ಜೆ: 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ವಾಹನ ಹೊಗೆಯ ಮಾನದಂಡ ಬಂತು, ಹತ್ತು ಲಕ್ಷಕ್ಕೆ 50 ಪಾಲಿದ್ದ ಗಂಧಕ 10ಕ್ಕೆ ಇಳಿಯಿತು. ಕಲ್ಲಿದ್ದಲು ಸ್ಥಾವರಗಳಿಗೆ 2015ರ ಡಿಸೆಂಬರ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿ ಹಾಕಿದರು. ಗಡುವು ಮುಂದೆ ಮುಂದೆ ಹೋಯಿತು, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದಿಂದ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ ಅನ್ನುವ ವಾದ ಇದೆ, ಅದು ಸುಳ್ಳಲ್ಲ. ಆದರೆ ಸುಡುವ ಪ್ರಮಾಣ ನೋಡಿದರೆ ನನಗೇನೋ ಆ ವಾದ ಸಾಕು ಅನಿಸಲ್ಲ.

ನಮ್ಮ ತೋಟದ ಗಾಳಿ ಚೆನ್ನಾಗಿದೆಯಾ ಅಂತ ಯಂತ್ರ ಇಲ್ದೆ ಗೊತ್ತಾಗತ್ತಾ?

ಗಂಧಕದ ಮಟ್ಟಿಗೆ ಒಂದು ಅಂದಾಜು ಸಿಗುತ್ತದೆ. ಕಲ್ಲುಹೂವು ನೋಡಿ, ಮಸಾಲೆಗೆ ಹಾಕುತ್ತೇವಲ್ಲ ಅದೇ. ಬೇರಿಲ್ಲದ ಜೀವ, ಊಟ ಎಲ್ಲ ಗಾಳಿ ಮಳೆಯಿಂದಲೇ. ಸಲ್ಫರ್ ಡೈಆಕ್ಸೈಡ್ ಜಾಸ್ತಿಯಾದರೆ ಮೊದಲು ಹೋಗುವುದು ಗಡ್ಡದ ಹಾಗೆ ನೇತಾಡುವ ಜಾತಿ, ಆಮೇಲೆ ಹಾಳೆಯಂಥದ್ದು. ತೊಗಟೆಗೆ ಬಣ್ಣ ಬಳಿದ ಹಾಗೆ ಅಂಟಿರುವ ಜಾತಿ ಕೊನೆಯವರೆಗೆ ತಡೆಯುತ್ತದೆ. ಲಂಡನ್‌ನಲ್ಲಿ ಕಲ್ಲಿದ್ದಲ ಹೊಗೆ ಹೋದ ಮೇಲೆ ಮಾಯವಾಗಿದ್ದ ಜಾತಿಗಳು ಮರಳಿ ಬಂದವು.

ಒಂದು ಎಚ್ಚರಿಕೆ: ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಮರ ನೋಡಬೇಡಿ. ನಾವು ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಕಲ್ಲುಹೂವನ್ನೂ ಕೊಲ್ಲುತ್ತದೆ. ಸ್ಪ್ರೇ ಬೀಳದ ಮರ ಹುಡುಕಿ. ನಮ್ಮಲ್ಲಿ ಮನೆ ಹಿಂದಿನ ಹಲಸಿನ ಮರಕ್ಕೆ ಬೂದು ಹಾಳೆಗಳು ಅಂಗೈ ಅಗಲ ಇವೆ. ಗಡ್ಡದ ಜಾತಿ ಇರುವುದು ತೋಟದ ಮೇಲ್ತುದಿಯ ಒಂದೇ ಮರದಲ್ಲಿ, ಮಂಜು ಮೊದಲು ಬಂದು ಕೂರುವ ಜಾಗದಲ್ಲಿ. ಈ ವರ್ಷ ಅಳೆದಾಗ ನನ್ನ ಕಿರುಬೆರಳಿಗಿಂತ ಒಂದು ಗೆಣ್ಣು ಉದ್ದ ಇತ್ತು.